ಸಂಬಳದ ಮಾತು ಆಮೇಲೆ, ಮೊದಲು ಆ ಕಾರ್ಡ್ ತೆಗೆಯಿರಿ

ಮೂರು ಪುಟದ ಪತ್ರ. ಬರೆದವರು ಬೆಂಗಳೂರಿನ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯಲ್ಲಿ ಗೂಗಲ್ ಆಡ್ಸ್ ನೋಡಿಕೊಳ್ಳುವ 29 ವರ್ಷದ ಹೆಣ್ಣುಮಗಳು. ಬರುವ ಜುಲೈಗೆ ಅಲ್ಲಿ ಐದು ವರ್ಷ ತುಂಬುತ್ತದೆ. ಐದು ಕ್ಲೈಂಟ್, ಎಲ್ಲ ಸೇರಿ ತಿಂಗಳಿಗೆ ₹38 ಲಕ್ಷದ ಜಾಹೀರಾತು ಖರ್ಚು ಇವರ ಕೈಯಲ್ಲಿ. ಸಿಟಿಸಿ, ಅಂದರೆ ಕಂಪನಿ ಇವರ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ₹6.6 ಲಕ್ಷ. ಅದರಲ್ಲಿ ₹72,000 ವೇರಿಯಬಲ್, ಅಂದರೆ ಷರತ್ತು ಮುಟ್ಟಿದರೆ ಮಾತ್ರ ಸಿಗುವ ಭಾಗ. ಮೊನ್ನೆ ಯಾರೋ ಪ್ರಿಂಟರ್ ಮೇಲೆ ಮರೆತುಹೋದ ಹಾಳೆಯಿಂದ ಗೊತ್ತಾಗಿದೆ: ಎರಡೇ ವರ್ಷ ಅನುಭವದ ಹೊಸ ಹುಡುಗನಿಗೆ ₹8.4 ಲಕ್ಷ. ಅವನಿಗೆ ಕೆಲಸ ಕಲಿಸುತ್ತಿರುವವರು ಇವರೇ. ಏಪ್ರಿಲ್‌ನಲ್ಲಿ ಅಪ್ರೈಸಲ್. ಮಾಲೀಕರು "ನಾವೆಲ್ಲ ಒಂದೇ ಮನೆಯವರಿದ್ದಂಗೆ" ಅನ್ನುತ್ತಾರೆ. ಬ್ಯಾಂಕಿನಲ್ಲಿರುವ ಭಾವ "ಹೊರಗಡೆ ಒಂದು ಆಫರ್ ತಂದು ಮುಖಕ್ಕೆ ಹಿಡಿ" ಅನ್ನುತ್ತಾರೆ. ಏನು ಮಾಡಲಿ ಎಂಬುದು ಪ್ರಶ್ನೆ.

ಎರಡೂವರೆ ಪುಟ ಆ ಹುಡುಗನ ಮೇಲೆಯೇ ಖರ್ಚಾಗಿದೆ. ನನ್ನ ಕಣ್ಣು ನಿಂತದ್ದು ಸಹಿಗೆ ಮುಂಚಿನ, ಕ್ಲೈಂಟುಗಳ ಗೂಗಲ್ ಆಡ್ಸ್ ಅಕೌಂಟ್ ಬಗೆಗಿನ ಎರಡು ಸಾಲಿನ ಮೇಲೆ: "ಎರಡು ಅಕೌಂಟಲ್ಲಿ ವೀಕೆಂಡ್ ಬ್ಯಾಲೆನ್ಸ್ ಮುಗಿದರೆ ನನ್ನ ಕ್ರೆಡಿಟ್ ಕಾರ್ಡಿಂದ ಹಾಕ್ತೀನಿ, ತಿಂಗಳಿಗೆ ಒಂದೂವರೆ ಲಕ್ಷ ಆಗಬಹುದು. ಕ್ಲೇಮ್ ಎರಡು ತಿಂಗಳು ತಡ ಆಗುತ್ತೆ, ಅಷ್ಟೆ."

ಅಷ್ಟೆ ಅಂತೆ!

ಲೆಕ್ಕ ಹಾಕಿ ನೋಡಿ. ₹6.6 ಲಕ್ಷದಲ್ಲಿ ವೇರಿಯಬಲ್ ಕಳೆದರೆ ತಿಂಗಳಿಗೆ ₹49,000. ಬೇಸಿಕ್ ಅದರ ಅರ್ಧ, ₹24,500 ಎಂದು ಬರೆದಿದ್ದೀರಿ. ಕಂಪನಿಯ ಪಾಲಿನ ಪಿಎಫ್ ₹1,800, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಹೆಸರಲ್ಲಿ ₹1,178, ನಿಮ್ಮ ಪಾಲಿನ ಪಿಎಫ್ ₹1,800, ವೃತ್ತಿ ತೆರಿಗೆ ₹200. ಇಷ್ಟು ಹೋಗಿ ಕೈಗೆ ಬರುವುದು ಸುಮಾರು ₹44,000. ತಿಂಗಳಿಗೆ ಒಂದೂವರೆ ಲಕ್ಷ, ವಾಪಸಾಗಲು ಎರಡು ತಿಂಗಳು: ಅಂದರೆ ಯಾವತ್ತು ನೋಡಿದರೂ ಕಂಪನಿ ನಿಮಗೆ ₹3 ಲಕ್ಷ ಬಾಕಿ. ಹೆಚ್ಚುಕಡಿಮೆ ಏಳು ತಿಂಗಳ ಸಂಬಳವನ್ನು ನೀವೇ ಮಾಲೀಕರಿಗೆ ಬಡ್ಡಿಯಿಲ್ಲದ ಕೈಸಾಲ ಕೊಟ್ಟು, ಅವರ ಎದುರು ಕೂತು ಸಂಬಳ ಜಾಸ್ತಿ ಮಾಡಿ ಎಂದು ಕೇಳಲು ಹೊರಟಿದ್ದೀರಿ. ಮಾತುಕತೆ ಹದಗೆಟ್ಟರೆ ಯಾರ ದುಡ್ಡು ಯಾರ ಹತ್ತಿರ ಸಿಕ್ಕಿಕೊಂಡಿರುತ್ತದೆ? ಕೇಳುವವರ ದನಿ ಅಲ್ಲೇ ಅರ್ಧ ಇಳಿದಿರುತ್ತದೆ.

ಬಡ್ಡಿಯಿಲ್ಲದ್ದು ಅವರಿಗೆ, ನಿಮಗಲ್ಲ. ಒಂದು ಸಲ ಮಿನಿಮಮ್ ಡ್ಯೂ ಮಾತ್ರ ಕಟ್ಟಿದ್ದೆ ಎಂದು ಬರೆದಿದ್ದೀರಿ. ತಿಂಗಳಿಗೆ 3.5% ಬಡ್ಡಿಯ ಕಾರ್ಡಾದರೆ ಒಂದೂವರೆ ಲಕ್ಷಕ್ಕೆ ₹5,250, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ₹945. ಜೊತೆಗೆ ಬಾಕಿ ಪೂರ್ತಿ ತೀರುವ ತನಕ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಆ ದುಡ್ಡನ್ನು ಕ್ಲೇಮ್ ಫಾರ್ಮಿನ ಯಾವ ಕಾಲಮ್ಮಿನಲ್ಲಿ ಬರೆದಿರಿ? ಬರೆದಿಲ್ಲ, ಅಲ್ಲವೇ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ಹಣಕಾಸು ವರ್ಷದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ₹10 ಲಕ್ಷ ಅಥವಾ ಹೆಚ್ಚು ಕಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಬೇಕು. ನಿಮ್ಮದು ವರ್ಷಕ್ಕೆ ₹18 ಲಕ್ಷ. ಆರೂವರೆ ಲಕ್ಷ ಸಂಬಳದವರು ಹದಿನೆಂಟು ಲಕ್ಷ ಬಿಲ್ ಕಟ್ಟಿದ್ದು ಹೇಗೆ ಎಂಬ ನೋಟಿಸ್ ಬಂದರೆ ಅದು ಬರುವುದು ನಿಮ್ಮ ಪ್ಯಾನ್ ಹೆಸರಿಗೆ, ಕಂಪನಿಯದಕ್ಕಲ್ಲ. ಪ್ರತಿ ಕ್ಲೇಮಿನ ಇಮೇಲ್, ವಾಪಸ್ ಬಂದ ಹಣದ ಬ್ಯಾಂಕ್ ಎಂಟ್ರಿ, ಗೂಗಲ್ ಕೊಟ್ಟ ರಸೀದಿ, ಮೂರನ್ನೂ ಇವತ್ತೇ ಒಂದು ಫೋಲ್ಡರಿಗೆ ಹಾಕಿ.

ಈಗ ಭಾವನ ವಿಚಾರ. ನೀವು ಅವರ ಬಗ್ಗೆ ಬಹಳ ಗೌರವದಿಂದ ಬರೆದಿದ್ದೀರಿ. ನನಗೆ ಈ ಇಡೀ ಪತ್ರದಲ್ಲಿ ಅತಿ ಹೆಚ್ಚು ಸಿಟ್ಟು ಬಂದದ್ದು ಅವರ ಮೇಲೆಯೇ. ಮಾಲೀಕರು ಮಾಲೀಕರ ಹಾಗೆ ನಡೆದುಕೊಂಡಿದ್ದಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಬ್ಯಾಂಕಿನಲ್ಲಿ ಕೂತವರು, ಕಾರ್ಡಿನ ಲಿಮಿಟ್ಟನ್ನು ₹3 ಲಕ್ಷಕ್ಕೆ ಏರಿಸಿಕೊಟ್ಟು "ಪಾಯಿಂಟ್ಸ್ ಬರುತ್ತೆ ಬಿಡು" ಅಂದರಲ್ಲ, ಅವರಿಗೆ ಈ ₹10 ಲಕ್ಷದ ನಿಯಮ ಗೊತ್ತಿರಲಿಲ್ಲವೇ? ಅವರೇ ಈಗ ಆಫರ್ ತಂದು ಹೆದರಿಸು ಅನ್ನುತ್ತಿದ್ದಾರೆ. ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರೆ 60 ದಿನದ ನೋಟಿಸ್ ಮುಗಿದು ಜೂನ್‌ನಲ್ಲಿ ಹೊರಗೆ ಬರುತ್ತೀರಿ. ಐದು ವರ್ಷ ತುಂಬುವುದು ಜುಲೈನಲ್ಲಿ, ಅದು ತುಂಬದೆ ಸಾಮಾನ್ಯವಾಗಿ ಗ್ರಾಚ್ಯುಟಿ ಸಿಗುವುದಿಲ್ಲ. ಗ್ರಾಚ್ಯುಟಿ ಲೆಕ್ಕ, ಕೊನೆಯ ಬೇಸಿಕ್ ಗುಣಿಸು 15, ಭಾಗಿಸು 26, ಗುಣಿಸು 5: ಸುಮಾರು ₹70,700. ವರ್ಷವರ್ಷವೂ ಸಿಟಿಸಿಯಲ್ಲಿ ನಿಮ್ಮ ಸಂಬಳ ಎಂದು ತೋರಿಸಿದ ಆ ದುಡ್ಡು ಕೆಲವೇ ವಾರದ ಅಂತರದಲ್ಲಿ ಕೈತಪ್ಪಬಹುದು. (ನಾಲ್ಕು ವರ್ಷ 240 ದಿನ ಸಾಕು ಎಂದ ಮದ್ರಾಸ್ ಹೈಕೋರ್ಟ್ ತೀರ್ಪು ಇದೆ. ಅದನ್ನು ಹಿಡಿದುಕೊಂಡು ಬೆಂಗಳೂರಿನಲ್ಲಿ ವಾದ ಮಾಡುವ ಕರ್ಮ ನಿಮಗೇಕೆ?) ಮೇಲಿಂದ ಆ ಮೂರು ಲಕ್ಷದ ಬಾಕಿ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿನ (ಕೆಲಸ ಬಿಟ್ಟ ಮೇಲಿನ ಕೊನೆಯ ಲೆಕ್ಕ ಚುಕ್ತಾ) ಕಡತಕ್ಕೆ ಸೇರಿಕೊಳ್ಳುತ್ತದೆ. ಬೇರೆ ಕಡೆ ಇಂಟರ್‌ವ್ಯೂ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಹೋಗುವ ಮನಸ್ಸಿದ್ದರೆ ಮಾತ್ರ ಆಫರ್ ಲೆಟರ್ ತೋರಿಸಿ. ಬೆದರಿಕೆಗೆ ತೋರಿಸಿದರೆ ಈ ವರ್ಷ ಸಂಬಳ ಏರಿಸುತ್ತಾರೆ, ಮುಂದಿನ ವರ್ಷದೊಳಗೆ ನಿಮ್ಮ ಅಕೌಂಟುಗಳನ್ನು ಇನ್ನೊಬ್ಬರಿಗೆ ಕಲಿಸಿಟ್ಟಿರುತ್ತಾರೆ. ಕಲಿಸುವವರೂ ನೀವೇ ಆಗಿರುತ್ತೀರಿ.

ಆ ಹುಡುಗನನ್ನು ಬಿಟ್ಟುಬಿಡಿ. ಅವನು ಕೇಳಿದ, ಕೊಟ್ಟರು. ಅವನ ₹8.4 ಲಕ್ಷದಲ್ಲಿ ವೇರಿಯಬಲ್ ಎಷ್ಟು, ಜಾಯಿನಿಂಗ್ ಬೋನಸ್ ಎಷ್ಟು ಎಂಬುದು ಆ ಹಾಳೆಯಲ್ಲಿ ನೀವು ನೋಡಿಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು: ಫಿಕ್ಸೆಡ್ ಮಾತ್ರ ಸಂಬಳ, ವೇರಿಯಬಲ್ ಅನ್ನುವುದು ಆಸೆ. ಹೋಲಿಸುವುದಾದರೆ ಫಿಕ್ಸೆಡ್ಡನ್ನು ಫಿಕ್ಸೆಡ್ಡಿಗೆ ಹೋಲಿಸಿ. ಮೀಟಿಂಗಿನಲ್ಲಂತೂ ಅವನ ಹೆಸರು ಬಾಯಿಗೆ ಬರಬಾರದು. ಬಂದರೆ ಮಾತು ಪೂರ್ತಿ ಪ್ರಿಂಟರ್ ಹಾಳೆಯನ್ನು ಯಾರು ಓದಿದರು ಎಂಬಲ್ಲಿಗೆ ತಿರುಗುತ್ತದೆ.

ನಿಮ್ಮ ಬೆಲೆಯ ಲೆಕ್ಕ ಬೇರೆ ಕಡೆ ಇದೆ. ಏಜೆನ್ಸಿ ಖರ್ಚಿನ ಮೇಲೆ 10% ಫೀ ತೆಗೆದುಕೊಳ್ಳುತ್ತದೆ ಎಂದಿದ್ದೀರಿ. ₹38 ಲಕ್ಷಕ್ಕೆ ತಿಂಗಳಿಗೆ ₹3.8 ಲಕ್ಷ, ವರ್ಷಕ್ಕೆ ₹45.6 ಲಕ್ಷ. ಏಜೆನ್ಸಿಗಳಲ್ಲಿ ಹಳೆಯದೊಂದು ಅಂದಾಜಿದೆ: ಬಂದದ್ದರಲ್ಲಿ ಮೂರನೇ ಒಂದು ಕೆಲಸ ಮಾಡುವವರ ಸಂಬಳಕ್ಕೆ, ಒಂದು ಬಾಡಿಗೆ, ಸೇಲ್ಸ್, ಟೂಲ್‌ಗಳಿಗೆ, ಒಂದು ಲಾಭಕ್ಕೆ. ಹಾಗಾದರೆ ಈ ಐದು ಅಕೌಂಟಿಗೆ ದುಡಿಯುವವರ ಪಾಲು ಸುಮಾರು ₹15 ಲಕ್ಷ. ಜಾಹೀರಾತು ಒತ್ತಿದಾಗ ತೆರೆಯುವ ಲ್ಯಾಂಡಿಂಗ್ ಪೇಜ್ ಮಾಡುವವರು, ಕ್ಲೈಂಟ್ ಜೊತೆ ಮಾತಾಡುವವರು ಇದ್ದಾರೆ. ಮೂರನೇ ಎರಡು ಭಾಗ ಗಂಟೆ ನಿಮ್ಮದು ಎಂದುಕೊಂಡರೆ ₹10 ಲಕ್ಷ. ಆದ್ದರಿಂದ ಕೇಳುವುದು ಫಿಕ್ಸೆಡ್ ₹9.6 ಲಕ್ಷ, ಮನಸ್ಸಿನಲ್ಲಿಟ್ಟುಕೊಳ್ಳುವ ಕೆಳಗಿನ ಗೆರೆ ₹8.4 ಲಕ್ಷ. ಸಂಖ್ಯೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಿ. "ಅಂದ್ರೆ ಸರ್, ನೀವು ನೋಡಿ..." ಎಂದು ನೀವೇ ಮೆತ್ತಗಾಗಬೇಡಿ.

ಸಾಕ್ಷಿ ಏನು ಒಯ್ಯಬೇಕು? "ಜಾಹೀರಾತು ಖರ್ಚಿನ ಆರು ಪಟ್ಟು ರಿಟರ್ನ್ ತಂದಿದ್ದೀನಿ" ಅನ್ನಬೇಡಿ. ಅದರಲ್ಲಿ ಬ್ರ್ಯಾಂಡ್ ಕ್ಯಾಂಪೇನ್ ಸೇರಿದ್ದರೆ, ಕ್ಲೈಂಟಿನ ಹೆಸರನ್ನೇ ಟೈಪ್ ಮಾಡಿ ಬರುವ ಗಿರಾಕಿಯನ್ನು ನೀವು ತಂದಿರಿ ಎಂದು ಹೇಳಿದ ಹಾಗೆ. ಕೆಲಸ ಗೊತ್ತಿರುವ ಮಾಲೀಕರು ಅಲ್ಲೇ ಹಿಡಿಯುತ್ತಾರೆ. ಬ್ರ್ಯಾಂಡ್ ಹುಡುಕಾಟ ಹೊರಗಿಟ್ಟು, ಒಂದು ಒಳ್ಳೆಯ ಲೀಡಿಗೆ (ವಿಚಾರಿಸಿ ಬಂದ ಗಿರಾಕಿಗೆ) ಬಿದ್ದ ಖರ್ಚು ಆಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಅಕೌಂಟಿಗೊಂದು ಸಾಲು ಬರೆಯಿರಿ. ಯಾವ ಬದಲಾವಣೆ ನಿಮ್ಮದು ಎಂಬುದಕ್ಕೆ ಗೂಗಲ್ ಆಡ್ಸ್‌ನಲ್ಲೇ ಚೇಂಜ್ ಹಿಸ್ಟರಿ ಇದೆ, ದಿನಾಂಕ, ಲಾಗಿನ್ ಸಮೇತ, ಎರಡು ವರ್ಷ ಹಿಂದಿನ ತನಕ. ಎಸ್‌ಇಒ (ಜಾಹೀರಾತಿಲ್ಲದೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಿಸುವ) ಕೆಲಸವೂ ಮಾಡಿದ್ದರೆ, ಅದರ ಅಂಕಿಅಂಶ ಕೊಡುವ ಗೂಗಲ್‌ನ ಸರ್ಚ್ ಕನ್ಸೋಲ್ 16 ತಿಂಗಳಿಗಿಂತ ಹಳೆಯದನ್ನು ತೋರಿಸುವುದಿಲ್ಲ, ಈಗಲೇ ತೆಗೆದಿಟ್ಟುಕೊಳ್ಳಿ. ಎಲ್ಲವೂ ಆಫೀಸಿನ ಡ್ರೈವಿನಲ್ಲೇ ಇರಲಿ. ಕ್ಲೈಂಟ್ ಡೇಟಾ ನಿಮ್ಮ ಸ್ವಂತ ಜಿಮೇಲಿಗೆ ಹೋಯಿತೋ, ಕೇಳುವ ಹಕ್ಕು ಅವರ ಕೈಗೆ ಹೋಯಿತು.

ವೇರಿಯಬಲ್ಲನ್ನು "ಕ್ಲೈಂಟ್ ಉಳಿದರೆ" ಎಂದು ಕಟ್ಟಿದ್ದಾರಂತೆ. ಒಪ್ಪಬೇಡಿ. ಸೇಲ್ಸ್‌ನವರು ಬಾಯಿಗೆ ಬಂದದ್ದು ಭರವಸೆ ಕೊಟ್ಟು ಕ್ಲೈಂಟ್ ಹೋದರೆ ನಿಮ್ಮ ₹72,000 ಯಾಕೆ ಹೋಗಬೇಕು? ಕನ್ವರ್ಷನ್ ಟ್ರ್ಯಾಕಿಂಗ್ (ಜಾಹೀರಾತಿನಿಂದ ಬಂದ ವಿಚಾರಣೆ, ಖರೀದಿಗಳ ಎಣಿಕೆ) ಸರಿಯಿದೆಯೇ, ಬಜೆಟ್ ತಿಂಗಳ ಗೆರೆ ದಾಟಿತೇ, ಇಂಥ ನಿಮ್ಮ ಕೈಯಲ್ಲಿರುವುದಕ್ಕೆ ಕಟ್ಟಲಿ.

ಆದರೆ ಇದೆಲ್ಲ ಕಾರ್ಡ್ ತೆಗೆದ ಮೇಲೆ. ಅದಕ್ಕೆ ಮುಂಚೆ ಸಂಬಳದ ಬಗ್ಗೆ ಒಂದಕ್ಷರವೂ ಬೇಡ.

ಶನಿವಾರವೇ ಬ್ಯಾಲೆನ್ಸ್ ಯಾಕೆ ಮುಗಿಯುತ್ತದೆ ಎಂಬುದು ನಿಮಗೂ ಗೊತ್ತು. ಗೂಗಲ್ ಒಂದು ದಿನಕ್ಕೆ ನೀವು ಹಾಕಿದ ದಿನದ ಬಜೆಟ್ಟಿನ ಎರಡು ಪಟ್ಟು ತನಕ ಖರ್ಚು ಮಾಡಬಹುದು, ತಿಂಗಳ ಲೆಕ್ಕದಲ್ಲಿ 30.4 ಪಟ್ಟು ದಾಟುವುದಿಲ್ಲ ಅಷ್ಟೆ. ಹುಡುಕಾಟ ಜಾಸ್ತಿ ಇರುವ ದಿನ ದುಡ್ಡು ಹಾಗೆ ಹರಿಯುತ್ತದೆ. ಜೊತೆಗೆ ಮುಂಗಡ ಹಣ ಹಾಕುವ ಪ್ರೀಪೇಯ್ಡ್ ಅಕೌಂಟಿಗೆ ₹50,000 ಹಾಕಿದರೆ ಜಿಎಸ್‌ಟಿ ಹೋಗಿ ಜಾಹೀರಾತಿಗೆ ಉಳಿಯುವುದು ₹42,373. ಕ್ಲೈಂಟ್ ಐವತ್ತು ಎಂದುಕೊಂಡು ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಶನಿವಾರ, ಭಾನುವಾರ ಎರಡಕ್ಕೂ ಸೇರಿ ದಿನದ ಬಜೆಟ್ಟಿನ ನಾಲ್ಕು ಪಟ್ಟು, ಅದರ ಮೇಲೆ 18% ಸೇರಿಸಿ, ಪ್ರತಿ ಶುಕ್ರವಾರ ಮಧ್ಯಾಹ್ನದೊಳಗೆ ಕ್ಲೈಂಟ್ ಕಟ್ಟುವ ಪದ್ಧತಿ ಮಾಡಿ. ಬಿಲ್ಲಿಂಗ್‌ನಲ್ಲಿ ಪೇಮೆಂಟ್ಸ್ ಪ್ರೊಫೈಲ್ (ಗೂಗಲ್ ಬಿಲ್ ಮಾಡುವ ಹೆಸರು, ವಿವರ) ಯಾರ ಹೆಸರಲ್ಲಿದೆ ಎಂದೂ ನೋಡಿ. ನಿಮ್ಮ ಹೆಸರಲ್ಲಿದ್ದರೆ ಆ ಇನ್‌ವಾಯ್ಸಿನ ಜಿಎಸ್‌ಟಿ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಕ್ಲೈಂಟಿಗೂ ಇಲ್ಲ, ಏಜೆನ್ಸಿಗೂ ಇಲ್ಲ. ಮಾಲೀಕರು ಬೇರೆ ಯಾವ ಮಾತಿಗೂ ಬಗ್ಗದಿದ್ದರೂ ಇದಕ್ಕೆ ಬಗ್ಗುತ್ತಾರೆ.

ಸೋಮವಾರ ಬೆಳಿಗ್ಗೆ ಮಾಲೀಕರಿಗೂ ಅಕೌಂಟ್ಸ್‌ನವರಿಗೂ ಒಂದೇ ಇಮೇಲ್. ವಾಟ್ಸಾಪ್ ಬೇಡ. "ಸರ್, ಮುಂದಿನ 15ನೇ ತಾರೀಖಿಗೆ ಎರಡೂ ಅಕೌಂಟಿನಿಂದ ನನ್ನ ಕಾರ್ಡ್ ತೆಗೆಯುತ್ತಿದ್ದೇನೆ. ಅಷ್ಟರೊಳಗೆ ಕ್ಲೈಂಟಿನ ಅಥವಾ ಕಂಪನಿಯ ಪಾವತಿ ವಿಧಾನ ಸೇರಿಸಬೇಕು. ಇಲ್ಲಿಯವರೆಗಿನ ಬಾಕಿ ಕ್ಲೇಮ್ ಪಟ್ಟಿ ಜೊತೆಗಿದೆ, ದಯವಿಟ್ಟು ಪಾವತಿ ದಿನಾಂಕ ತಿಳಿಸಿ." ಕಾರಣ ವಿವರಿಸಬೇಡಿ, ಕ್ಷಮೆ ಕೇಳಬೇಡಿ. 15ಕ್ಕೆ ತೆಗೆಯಿರಿ. ಬಾಕಿ ಪೂರ್ತಿ ಬ್ಯಾಂಕಿಗೆ ಬಂದು ಬಿದ್ದ ದಿನ ಅಪ್ರೈಸಲ್ ಮೀಟಿಂಗಿಗೆ ಸಮಯ ಕೇಳಿ.

ನಡುವೆ ಶನಿವಾರ ರಾತ್ರಿ ಹನ್ನೊಂದಕ್ಕೆ ಫೋನ್ ಬಂದೇ ಬರುತ್ತದೆ, "ಆಡ್ಸ್ ನಿಂತಿದೆ ಕಣಮ್ಮ, ಇದೊಂದ್ಸಲ ಹಾಕಿಬಿಡು" ಎಂದು. "ಕ್ಲೈಂಟ್ ಯುಪಿಐನಲ್ಲಿ ಹಾಕಲಿ ಸರ್, ಹೇಗೆ ಅಂತ ಮೆಸೇಜ್ ಮಾಡ್ತೀನಿ" ಎಂದು ಹೇಳಿ ಮಲಗಿ.