ಸಿಹಿನೀರಿನ ತಳದಲ್ಲಿ ಮುಳುಗಿದ ಹಡಗು, ವಿಮಾನ ನೂರು ವರ್ಷವಾದರೂ ಹಾಗೇ ಇರುತ್ತವಾ? ನಾನೂ ನೋಡಬಹುದಾ?

ನೀವು ಕೇಳಿದ್ದು ಮೂರು ಮಾತು. ಅಮೆರಿಕದ ಸರೋವರವೊಂದರ ತಳದಲ್ಲಿ ಹಳೆಯ ಹಾಯಿಹಡಗು ಕಂಬಗಳ ಸಮೇತ ನಿಂತಿರುವ ಫೋಟೋ ನೋಡಿದ್ದೀರಿ, ಅದು ನಿಜಾನಾ ಅಂತ. ನಿಜವಾದರೆ ಮೇಲೆತ್ತಿ ಮ್ಯೂಸಿಯಂನಲ್ಲಿ ಯಾಕೆ ಇಡುವುದಿಲ್ಲ ಅಂತ. ಹಾವೇರಿಯಲ್ಲಿ ಬಾವಿಗೆ ಹಾರಿ ಈಜು ಕಲಿತ ನಿಮಗೆ ಅದನ್ನು ಕಣ್ಣಾರೆ ನೋಡಲು ದಾರಿ ಇದೆಯಾ ಅಂತ.

ಫೋಟೋ ನಿಜ. ನಾನು ಹುಬ್ಬಳ್ಳಿಯವನು. ಕೆಲಸದ ಮೇಲೆ ಕೆಲವು ವರ್ಷ ಮಿಶಿಗನ್‌ನಲ್ಲಿದ್ದೆ. ಡೈವಿಂಗ್ ಕಲಿತದ್ದು ಅಲ್ಲೇ, ಹ್ಯೂರಾನ್ ಸರೋವರದಲ್ಲಿ. ಹ್ಯೂರಾನ್, ಮಿಶಿಗನ್, ಸುಪೀರಿಯರ್ ಎಲ್ಲಾ ಅಮೆರಿಕ-ಕೆನಡಾ ಕಡೆಯ ಐದು ಮಹಾ ಸರೋವರಗಳಲ್ಲಿ ಸೇರಿದವು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಯಾಕೆ ಉಳಿಯುತ್ತವೆ ಅನ್ನೋದು. ಸಮುದ್ರದಲ್ಲಿ ಮರದ ಹಡಗಿಗೆ ದೊಡ್ಡ ಶತ್ರು ಒಂದು ಹುಳು. ನೋಡಲು ಹುಳುವಿನ ಹಾಗಿದ್ದರೂ ಅದು ಕಪ್ಪೆಚಿಪ್ಪಿನ ಜಾತಿಯ ಜೀವಿ. ಮರದೊಳಗೆ ಸುರಂಗ ಕೊರೆದು ತಿನ್ನುತ್ತಾ ಹೋಗುತ್ತದೆ. ಕಾರವಾರ, ಹೊನ್ನಾವರದ ಕಡೆ ಮರದ ದೋಣಿ ಇಟ್ಟುಕೊಂಡವರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಬೆಚ್ಚಗಿನ ಸಮುದ್ರದಲ್ಲಿ ಮುಳುಗಿದ ಮರದ ಹಡಗು ಮರಳಿನಲ್ಲಿ ಹೂತುಹೋಗದಿದ್ದರೆ ಕೆಲವೇ ದಶಕಗಳಲ್ಲಿ ಬರೀ ಕಬ್ಬಿಣ, ಕಲ್ಲು, ಮಡಕೆಯಾಗಿ ಉಳಿಯುತ್ತದೆ. ಈ ಹುಳುವಿಗೆ ಉಪ್ಪು ಬೇಕೇ ಬೇಕು. ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಉಪ್ಪಿಲ್ಲದ ಕಾರಣ ಕಬ್ಬಿಣವೂ ನಿಧಾನವಾಗಿ ತುಕ್ಕು ಹಿಡಿಯುತ್ತದೆ, ವಿಮಾನದ ಅಲ್ಯೂಮಿನಿಯಂ ಕೂಡ ಜಾಸ್ತಿ ಕಾಲ ತಡೆಯುತ್ತದೆ.

ಎರಡನೆಯದು ಚಳಿ. ಬಾವಿಯಲ್ಲಿ ಈಜಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಿರುತ್ತದೆ, ಮುಳುಗು ಹಾಕಿ ಸ್ವಲ್ಪ ಕೆಳಗೆ ಹೋದರೆ ಕಾಲಿಗೆ ತಣ್ಣಗಿನ ಪದರ ತಾಗುತ್ತದೆ ಅಲ್ವಾ? ದೊಡ್ಡ ಸರೋವರಗಳಲ್ಲೂ ಅದೇ ಪದರ ಇದೆ, ಆದರೆ ಅದರ ಕೆಳಗೆ ವರ್ಷವಿಡೀ ಹೆಚ್ಚುಕಡಿಮೆ 4 ಡಿಗ್ರಿ. ನೀರು ಅತಿ ಭಾರವಾಗಿರುವುದು ಆ ಉಷ್ಣತೆಯಲ್ಲೇ, ಅದಕ್ಕೇ ಅದು ತಳ ಹಿಡಿಯುತ್ತದೆ. ಅಲ್ಲಿ ಬೆಳಕು ಕಡಿಮೆ, ಮರ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸವೂ ಬಹಳ ನಿಧಾನ.

ಹಾಗಂತ ಮುಳುಗಿದ್ದೆಲ್ಲಾ ಉಳಿಯುತ್ತದೆ ಅಂತಲ್ಲ. ದಡದ ಹತ್ತಿರ ಮುಳುಗಿದ್ದನ್ನು ಅಲೆ ಮತ್ತು ಚಳಿಗಾಲದ ಮಂಜುಗಡ್ಡೆ ಸೇರಿ ಚೂರು ಮಾಡುತ್ತವೆ. ನೀವು ಫೋಟೋದಲ್ಲಿ ನೋಡಿದಂಥವು ಹೆಚ್ಚಾಗಿ ಆಳದವು.

ಮಿಶಿಗನ್‌ನ ಅಲ್ಪೀನಾ ಊರಿನ ಎದುರಿಗೆ ಹ್ಯೂರಾನ್ ಸರೋವರದಲ್ಲಿ ಥಂಡರ್ ಬೇ ಅನ್ನುವ ಸಂರಕ್ಷಿತ ಪ್ರದೇಶವಿದೆ, 2000ದಲ್ಲಿ ಘೋಷಿಸಿದ್ದು. ಅಲ್ಲಿ ಗುರುತಿಸಿರುವ ಹಡಗುಗಳೇ ನೂರರ ಆಸುಪಾಸು. 1906ರಲ್ಲಿ ಮುಳುಗಿದ ಗ್ರೀಶಿಯನ್ ಅನ್ನುವ ಉಕ್ಕಿನ ಹಡಗು ಸುಮಾರು 30 ಮೀಟರ್ ಆಳದಲ್ಲಿದೆ. ತೇಲುಬುಂಡೆಗೆ ಕಟ್ಟಿದ ಹಗ್ಗ ಹಿಡಿದು ಇಳಿಯಬೇಕು. ಮೊದಲ ಹತ್ತು ಮೀಟರ್ ಹಸಿರು ಬೆಳಕು. ಆಮೇಲೆ ತಣ್ಣನೆಯ ಪದರ ಬರುತ್ತದೆ. ಸಿಲಿಂಡರ್‌ನಿಂದ ಉಸಿರು ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡ ತುಟಿ ಜೋಮು ಹಿಡಿಯುತ್ತದೆ, ಹಣೆ ಸಿಡಿಯುತ್ತದೆ. ಆಮೇಲೆ ಕೆಳಗಿನಿಂದ ದೊಡ್ಡದೊಂದು ಕಪ್ಪು ಆಕಾರ ಮೇಲೆದ್ದು ಬರುತ್ತದೆ. ಹಿಂಭಾಗಕ್ಕೆ ಹೋದರೆ ಎಂಜಿನ್ ಇದೆ, ಬಾಯ್ಲರ್ ಇದೆ, ಯಾರೋ ಕೈಯಿಟ್ಟು ತಿರುಗಿಸುತ್ತಿದ್ದ ಭಾಗಗಳಿವೆ. ಇವುಗಳ ನಡುವೆ ನೇತಾಡುವಾಗ ಅಲ್ಲಿ ದುಡಿದವರ ಬಗ್ಗೆ ಯೋಚಿಸದೆ ಇರಲು ನನಗಂತೂ ಆಗುವುದಿಲ್ಲ.

ಇನ್ನು ವಿಮಾನಗಳು. ಸರೋವರದಲ್ಲಿ ವಿಮಾನ ಎಲ್ಲಿಂದ ಬಂತು ಅಂತ ನನಗೂ ಮೊದಲು ಆಶ್ಚರ್ಯವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ವಿಮಾನವಾಹಕ ಹಡಗಿನ ಮೇಲೆ ಇಳಿಯುವ ಅಭ್ಯಾಸ ಮಾಡಿಸಬೇಕಿತ್ತು. ಸಮುದ್ರದಲ್ಲಿ ಶತ್ರುವಿನ ಜಲಾಂತರ್ಗಾಮಿಗಳ ಭಯ. ಹಾಗಾಗಿ ಈರೀ ಸರೋವರದಲ್ಲಿ ಓಡಾಡುತ್ತಿದ್ದ ಎರಡು ಪ್ರಯಾಣಿಕರ ಉಗಿಹಡಗುಗಳ ಮೇಲ್ಭಾಗ ಕಿತ್ತು, ಚಪ್ಪಟೆ ರನ್‌ವೇ ಕಟ್ಟಿ, ಷಿಕಾಗೊ ಹತ್ತಿರ ಮಿಶಿಗನ್ ಸರೋವರದಲ್ಲಿ ಬಳಸಿದರು. ಹೆಸರು ವುಲ್ವರೀನ್ ಮತ್ತು ಸೇಬಲ್. ಸಾವಿರಾರು ಪೈಲಟ್‌ಗಳು ಅಲ್ಲಿ ತಯಾರಾದರು. ಮುಂದೆ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ ಅವರಲ್ಲೊಬ್ಬರು. ಅಭ್ಯಾಸದಲ್ಲಿ ತಪ್ಪಿ ನೂರಕ್ಕೂ ಹೆಚ್ಚು ವಿಮಾನ ನೀರಿಗೆ ಬಿದ್ದವು. ಬಹುತೇಕ ಪೈಲಟ್‌ಗಳು ಬದುಕಿಕೊಂಡರು, ವಿಮಾನಗಳು ತಳ ಸೇರಿದವು.

ಅವುಗಳಲ್ಲಿ ಒಂದರ ಕಥೆ ಹೇಳಲೇಬೇಕು. ಡಾಂಟ್‌ಲೆಸ್ ಜಾತಿಯ ಬಾಂಬರ್, ನಂಬರ್ 2106. ಅದು 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ಜಪಾನ್ ವಿರುದ್ಧ ನಡೆದ ಮಿಡ್‌ವೇ ಕದನದಲ್ಲಿ ಹಾರಿ, ಮೈತುಂಬಾ ಇನ್ನೂರಕ್ಕೂ ಹೆಚ್ಚು ತೂತು ಮಾಡಿಸಿಕೊಂಡು ಹಿಂದಿರುಗಿತ್ತು. ರಿಪೇರಿ ಮಾಡಿ ತರಬೇತಿಗೆ ಕಳಿಸಿದರು. 1943ರಲ್ಲಿ ಮಿಶಿಗನ್ ಸರೋವರದಲ್ಲಿ ಬಿತ್ತು. ಯುದ್ಧ ಮುಗಿದ ಮೇಲೆ ಅದರ ಜೊತೆಯ ಎಷ್ಟೋ ವಿಮಾನಗಳನ್ನು ಗುಜರಿಗೆ ಹಾಕಿದರು. ಇದು ತಣ್ಣೀರಿನಲ್ಲಿ ಬಚಾವಾಯಿತು. 1990ರ ದಶಕದಲ್ಲಿ ಮೇಲೆತ್ತಿದರು. ಈಗ ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವಿಮಾನಗಳ ಮ್ಯೂಸಿಯಂನಲ್ಲಿದೆ. ಷಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಇದೇ ಸರೋವರದಿಂದ ತೆಗೆದ ವೈಲ್ಡ್‌ಕ್ಯಾಟ್ ಯುದ್ಧವಿಮಾನ ನಿಲ್ಲಿಸಿದ್ದಾರೆ. ನಮ್ಮವರು ಎಷ್ಟೋ ಜನ ಅದರ ಪಕ್ಕದಲ್ಲೇ ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಾರೆ. ಮುಂದಿನ ಸಲ ಯಾರಾದರೂ ಹೋದರೆ ದಯವಿಟ್ಟು ಎರಡು ನಿಮಿಷ ನಿಂತು ನೋಡಲಿ.

ಸ್ಕಾಟ್ಲೆಂಡಿನ ಲಾಕ್ ನೆಸ್‌ನಲ್ಲೂ ಹೀಗೇ ಒಂದು ಸಿಕ್ಕಿತು. ರಾಕ್ಷಸ ಪ್ರಾಣಿ ಇದೆ ಅಂತ ಸುದ್ದಿಯಾದ ಅದೇ ಸರೋವರ. 1976ರಲ್ಲಿ ಆ ಪ್ರಾಣಿಯನ್ನು ಹುಡುಕಲು ಸೋನಾರ್ (ಶಬ್ದದ ಪ್ರತಿಧ್ವನಿಯಿಂದ ನೀರಿನಡಿ ನೋಡುವ ಯಂತ್ರ) ಬಿಟ್ಟವರಿಗೆ ಕಂಡದ್ದು ವೆಲಿಂಗ್ಟನ್ ಬಾಂಬರ್. ಅದು 1940ರ ಡಿಸೆಂಬರ್ 31ರಂದು ಬಿದ್ದಿತ್ತು. 1985ರಲ್ಲಿ ಎತ್ತಿದರು, ಈಗ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿದೆ.

ಇಲ್ಲಿಗೆ ನಿಮ್ಮ ಎರಡನೇ ಪ್ರಶ್ನೆ. ವಿಮಾನ ಎತ್ತುತ್ತಾರೆ, ಹಡಗು ಯಾಕೆ ಎತ್ತಲ್ಲ? ಎತ್ತಿ ನೋಡಿದ್ದಾರೆ. ಆಲ್ವಿನ್ ಕ್ಲಾರ್ಕ್ ಅನ್ನುವ ಹಾಯಿಹಡಗು 1864ರಲ್ಲಿ ಮಿಶಿಗನ್ ಸರೋವರದ ಗ್ರೀನ್ ಬೇ ಕೊಲ್ಲಿಯಲ್ಲಿ ಮುಳುಗಿತ್ತು. 1967ರಲ್ಲಿ ಮೀನುಗಾರರ ಬಲೆ ಸಿಕ್ಕಿಕೊಂಡಿತು, ಬಲೆ ಬಿಡಿಸಲು ಇಳಿದ ಡೈವರ್‌ಗೆ ಇಡೀ ಹಡಗು ಕಂಡಿತು. 1969ರಲ್ಲಿ ಬಹಳ ಉತ್ಸಾಹದಿಂದ, ಬಹಳ ಕಷ್ಟಪಟ್ಟು ಮೇಲೆತ್ತಿದರು. ನೀರು ಹೊರಹಾಕಿದ ಮೇಲೆ ತಾನಾಗೇ ತೇಲಿತು ಕೂಡ. ಜನ ಟಿಕೆಟ್ ತೆಗೆದುಕೊಂಡು ನೋಡಿದರು. ಆದರೆ ನೂರು ವರ್ಷ ನೀರು ಕುಡಿದ ಮರ ಗಾಳಿಗೆ ಬಂದರೆ ಒಣಗುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ಅದಕ್ಕೆ ಮದ್ದು ಮಾಡುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಕೊಳೆಯುತ್ತಾ ಬಂದು 1994ರಲ್ಲಿ ಕೆಡವಿ ಹಾಕಿದರು. ಕೆಳಗೆ 105 ವರ್ಷ ಉಳಿದದ್ದು ಮೇಲೆ 25 ವರ್ಷ ಉಳಿಯಲಿಲ್ಲ. ಇದನ್ನು ಓದಿದಾಗಲೆಲ್ಲಾ ನನಗೆ ಸಂಕಟವಾಗುತ್ತದೆ.

ಸ್ವೀಡನ್ನಿನ ವಾಸಾ ಹಡಗು ಉಳಿದಿದೆಯಲ್ಲ ಅಂತ ನೀವು ಕೇಳಬಹುದು. 1628ರಲ್ಲಿ ಮುಳುಗಿ 1961ರಲ್ಲಿ ಎದ್ದದ್ದು. ಅದಿದ್ದ ಬಾಲ್ಟಿಕ್ ನೀರಿನಲ್ಲಿ ಉಪ್ಪು ಬಹಳ ಕಡಿಮೆ, ಹುಳು ಇರಲಿಲ್ಲ. ಆದರೆ ಮೇಲೆತ್ತಿದ ಮೇಲೆ ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ರಾಸಾಯನಿಕ ಇಳಿಸಲು 17 ವರ್ಷ ಅದರ ಮೇಲೆ ಸಿಂಪಡಿಸಿದರು. ಒಂದು ದೇಶವೇ ಬೆನ್ನಿಗೆ ನಿಂತಿತು. ಅಷ್ಟು ಮಾಡಲು ಆಗದಿದ್ದರೆ ಮರದ ಹಡಗನ್ನು ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೋಹದ ವಿಮಾನದ ಮಾತು ಬೇರೆ. ಅದನ್ನು ಬಿಚ್ಚಿ, ತೊಳೆದು, ತುಕ್ಕು ತಡೆದು ಇಡಬಹುದು.

ಕೆಲವನ್ನು ಮುಟ್ಟಬಾರದಿರುವುದಕ್ಕೆ ಇನ್ನೊಂದು ಕಾರಣವಿದೆ. ಎಡ್ಮಂಡ್ ಫಿಟ್ಜೆರಾಲ್ಡ್ ಅನ್ನುವ ಅದಿರಿನ ಹಡಗು 1975ರ ನವೆಂಬರ್ 10ರಂದು ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ ಮುಳುಗಿತು. 29 ಜನರಿದ್ದರು, ಒಬ್ಬರೂ ಉಳಿಯಲಿಲ್ಲ. ಮನೆಯವರ ಕೋರಿಕೆಯಂತೆ 1995ರಲ್ಲಿ ಹಡಗಿನ ಗಂಟೆ ಮಾತ್ರ ಮೇಲೆ ತಂದರು. ತಂದ ಜಾಗದಲ್ಲಿ ಆ 29 ಹೆಸರು ಕೆತ್ತಿದ ಬೇರೆ ಗಂಟೆ ಇಟ್ಟು ಬಂದರು. ಈಗ ಅಲ್ಲಿಗೆ ಇಳಿಯಲು ಕೆನಡಾದ ಒಂಟಾರಿಯೊ ಸರ್ಕಾರದ ಪರವಾನಗಿ ಬೇಕು. ಸರಿಯಾಗಿದೆ. ಅದು ಸಮಾಧಿ.

ದುಃಖದ ಸಂಗತಿ ಏನೆಂದರೆ, ಕೈ ಹಾಕದೆ ಬಿಟ್ಟರೂ ಈಗ ಅವು ಕ್ಷೇಮವಾಗಿಲ್ಲ. 1980ರ ದಶಕದಲ್ಲಿ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಚಿಕ್ಕ ಕಪ್ಪೆಚಿಪ್ಪುಗಳು ಸರಕು ಹಡಗುಗಳ ನೀರಿನ ತೊಟ್ಟಿಯಲ್ಲಿ ಸೇರಿಕೊಂಡು ಈ ಸರೋವರಗಳಿಗೆ ಬಂದವು. ಜೀಬ್ರಾ, ಕ್ವಾಗಾ ಅಂತ ಎರಡು ಜಾತಿ. ಗಟ್ಟಿಯಾದದ್ದು ಏನು ಸಿಕ್ಕರೂ ಪದರ ಪದರವಾಗಿ ಅಂಟಿಕೊಳ್ಳುತ್ತವೆ. ಹಡಗಿನ ಹೆಸರು, ಕೆತ್ತನೆ, ಚುಕ್ಕಾಣಿ ಎಲ್ಲಾ ಅವುಗಳಡಿ ಮುಚ್ಚಿಹೋಗುತ್ತದೆ. ಭಾರಕ್ಕೆ ಹಳೆಯ ಹಲಗೆ ಮುರಿಯುತ್ತದೆ. ನೀರನ್ನು ಸೋಸಿ ತಿನ್ನುವುದರಿಂದ ಸರೋವರ ಮಾತ್ರ ಮೊದಲಿಗಿಂತ ತಿಳಿಯಾಗಿದೆ. ದೂರದಿಂದಲೇ ಹಡಗು ಕಾಣುತ್ತದೆ, ಹತ್ತಿರ ಹೋದರೆ ಕಾಣುವುದು ಚಿಪ್ಪು. ಸುಪೀರಿಯರ್‌ನ ನೀರಿನಲ್ಲಿ ಸುಣ್ಣದಂಶ ಕಡಿಮೆ ಇರುವುದರಿಂದ ಅಲ್ಲಿ ಇವುಗಳ ಹಾವಳಿ ಕಡಿಮೆ.

ನಮ್ಮ ಕಡೆ ಏನಿದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಉಣಕಲ್ ಕೆರೆ, ಕೆಲಗೇರಿ ಕೆರೆ, ನಿಮ್ಮೂರ ಕಡೆಯ ವರದಾ, ತುಂಗಭದ್ರಾ, ಇವು ಯಾವುವೂ ಡೈವಿಂಗ್ ಕಲಿಯುವ ಜಾಗವಲ್ಲ. ಹೂಳು, ಜಲಕಳೆ, ಹರಿದ ಬಲೆ, ನೀರಿನೊಳಗೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಅಲ್ಲಿ ಇಳಿಯುವವರು ಪತ್ರಿಕೆಗಳಲ್ಲಿ 'ಮುಳುಗು ತಜ್ಞರು' ಅಂತ ಓದುತ್ತೇವಲ್ಲ, ಅವರು ಮತ್ತು ಅಗ್ನಿಶಾಮಕ ದಳದವರು. ನೀರುಪಾಲಾದವರನ್ನು ಕೈಯಲ್ಲಿ ತಡಕಾಡಿ ಹುಡುಕುತ್ತಾರೆ. ಅದೆಂಥ ಕಷ್ಟದ ಕೆಲಸ ಅನ್ನುವುದು ನನಗೆ ಡೈವಿಂಗ್ ಕಲಿತ ಮೇಲೇ ಅರಿವಾಯಿತು. ನೀರಿನಡಿ ಹೋದದ್ದನ್ನು ಮೈ ಒದ್ದೆಯಾಗದೆ ನೋಡಬೇಕೆಂದರೆ ಶರಾವತಿಯ ಹಿರೇಭಾಸ್ಕರ ಅಣೆಕಟ್ಟು ಇದೆ. ಲಿಂಗನಮಕ್ಕಿ ಬಂದ ಮೇಲೆ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಎದ್ದು ಕಾಣುತ್ತದೆ.

ಅಮೆರಿಕದಲ್ಲೂ ಅಣೆಕಟ್ಟಿನ ನೀರಿನಲ್ಲಿ ವಿಮಾನವಿದೆ. ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಜಲಾಶಯದಲ್ಲಿ 1948ರ ಜುಲೈ 21ರಂದು ಬಿ-29 ಬಾಂಬರ್ ಬಿತ್ತು. ಕನ್ನಡಿಯಂಥ ನೀರಿನ ಮೇಲೆ ತೀರಾ ಕೆಳಗೆ ಹಾರುವಾಗ ಎತ್ತರದ ಅಂದಾಜು ತಪ್ಪಿತು. ಒಳಗಿದ್ದ ಐವರೂ ಬದುಕಿದರು. 2001ರಲ್ಲಿ ವಿಮಾನ ಸಿಕ್ಕಿತು. ಬರದಿಂದ ನೀರು ಇಳಿದಂತೆಲ್ಲಾ ಅದರ ಮೇಲಿನ ಆಳ ಕಡಿಮೆಯಾಗುತ್ತಾ ಬಂತು.

ಕೊನೆಗೆ ದಾರಿ. ಡೈವಿಂಗ್ ಮಾಡದೆಯೂ ನೋಡಬಹುದು ಅನ್ನೋದು ಮೊದಲು ತಿಳಿದಿರಲಿ. ಕೆನಡಾದ ಟೋಬರ್ಮೋರಿಯಲ್ಲಿ 1885ರಲ್ಲಿ ಮುಳುಗಿದ ಸ್ವೀಪ್‌ಸ್ಟೇಕ್ಸ್ ಹಾಯಿಹಡಗು ಸುಮಾರು 6 ಮೀಟರ್ ಆಳದಲ್ಲೇ ಇದೆ. ಗಾಜಿನ ತಳದ ದೋಣಿಯಲ್ಲಿ ಕೂತು ನೋಡುತ್ತಾರೆ. ಅಲ್ಪೀನಾದಲ್ಲೂ ಅಂಥ ದೋಣಿ ಇದೆ. ಮಕ್ಕಳು, ಅಳಿಯ ಅಂತ ಆ ಕಡೆ ಇರುವ ಹಿರಿಯರಿಗೂ ಇದನ್ನೇ ಹೇಳುತ್ತೇನೆ.

ಇಳಿದೇ ನೋಡುತ್ತೇನೆ ಅಂದರೆ ಶುರು ಮಾಡುವ ಜಾಗ ಮುರುಡೇಶ್ವರ. ಶಿರಸಿ, ಕುಮಟಾ ಮೇಲೆ ಹೋದರಾಯಿತು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಒಯ್ಯುತ್ತಾರೆ, ಮಳೆಗಾಲದಲ್ಲಿ ಬಂದ್. ಒಂದು ದಿನದ ಪರಿಚಯ ಡೈವ್ ಬೇರೆ, ಸರ್ಟಿಫಿಕೇಟ್ ಕೊಡುವ ಓಪನ್ ವಾಟರ್ ಕೋರ್ಸ್ ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಅದು 18 ಮೀಟರ್‌ವರೆಗೆ, ಮುಂದಿನ ಹಂತ 30 ಮೀಟರ್‌ವರೆಗೆ. ಬಾವಿ ಈಜು ಧೈರ್ಯ ಕೊಡುತ್ತದೆ, ಆದರೆ ಒಂದು ಅಭ್ಯಾಸ ಬಿಡಬೇಕು. ಬಾವಿಯಲ್ಲಿ ಉಸಿರು ಬಿಗಿಹಿಡಿದು ಮುಳುಗುತ್ತೇವೆ, ಸಿಲಿಂಡರ್ ಹಾಕಿದಾಗ ಉಸಿರು ಹಿಡಿದು ಮೇಲೇಳುವುದು ಪ್ರಾಣಕ್ಕೇ ಅಪಾಯ. ಒತ್ತಡ ಇಳಿದಂತೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. ಸಮುದ್ರದಲ್ಲಿ ಕಲಿತು ಸಿಹಿನೀರಿಗೆ ಹೋದರೆ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಒಂದೆರಡು ಕಿಲೋ ಕಡಿಮೆ ಸಾಕು, ಯಾಕೆಂದರೆ ಸಿಹಿನೀರು ಅಷ್ಟು ಎತ್ತಿ ಹಿಡಿಯುವುದಿಲ್ಲ. ತಣ್ಣೀರಿಗೆ ಡ್ರೈಸೂಟ್ (ಮೈಗೆ ನೀರು ತಾಗದ ಉಡುಪು) ತರಬೇತಿ ಬೇರೆ ಬೇಕು. ಹಡಗಿನ ಒಳಗೆ ಹೋಗುವ ತರಬೇತಿ ಇಲ್ಲದೆ ಬಾಗಿಲು ದಾಟಬೇಡಿ. ಕಾಲು ಒಮ್ಮೆ ಜೋರಾಗಿ ಆಡಿಸಿದರೆ ಹೂಳೆದ್ದು ಹೊರಗಿನ ದಾರಿ ಕಾಣುವುದಿಲ್ಲ. ನಾವು ಬಿಡುವ ಗುಳ್ಳೆಗಳು ಅಟ್ಟದ ಕೆಳಗೆ ಸೇರಿ ಹಳೆಯ ಮರಕ್ಕೂ ಹಾನಿ. ಏನನ್ನೂ ಎತ್ತಿಕೊಳ್ಳಬೇಡಿ, ಒಂದು ಮೊಳೆಯನ್ನೂ.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹಾವೇರಿ ಸಮುದ್ರಮಟ್ಟದಿಂದ 500 ಮೀಟರ್‌ಗೂ ಎತ್ತರದಲ್ಲಿದೆ, ಹುಬ್ಬಳ್ಳಿ 600ಕ್ಕೂ ಎತ್ತರ. ಡೈವ್ ಮಾಡಿದಾಗ ರಕ್ತದಲ್ಲಿ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಸಂಜೆಯೇ ದೇವಿಮನೆ ಘಾಟಿ ಹತ್ತಿದರೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆಗಟ್ಟಬಹುದು, ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಹೋಗಬಹುದು. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ, ಮಾರನೇ ದಿನ ಊಟ ಮಾಡಿಕೊಂಡು ಹೊರಡಿ. ಕೋರ್ಸ್ ಸೇರುವ ಮೊದಲು ಕಿವಿ, ಎದೆ ವೈದ್ಯರಿಗೆ ತೋರಿಸಿಕೊಳ್ಳಿ. ಅಸ್ತಮಾ ಇದ್ದರೆ ಮುಚ್ಚಿಡದೆ ಹೇಳಿ.