ಹಳೆ ಲ್ಯಾಪ್‌ಟಾಪಿಗೆ ಡೆಬಿಯನ್ನಾ, ಫ್ರೀಬಿಎಸ್‌ಡಿನಾ?

4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪಿಗೆ ಡೆಬಿಯನ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಲ್ಲಿ ಯಾವುದು ಹಾಕಲಿ ಎಂದು ಕೇಳಿದ್ದೀರಿ. ಮೂರೂ ಉಚಿತ ಆಪರೇಟಿಂಗ್ ಸಿಸ್ಟಮ್‌ಗಳೇ; ಡೆಬಿಯನ್ ಲಿನಕ್ಸ್ ಬಗೆಯದು, ಉಳಿದೆರಡು ಬಿಎಸ್‌ಡಿ ಬಗೆಯವು. ಮೊದಲು ಡೆಬಿಯನ್ ಹಾಕಿ. ಮುಖ್ಯ ಕಾರಣ ವೈಫೈ. ಲಿನಕ್ಸ್‌ಗೆ ಡ್ರೈವರ್‌ಗಳು (ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶ) ಜಾಸ್ತಿ. 2023ರಲ್ಲಿ ಬಂದ ಡೆಬಿಯನ್ 12ರಿಂದ ವೈಫೈಗೆ ಬೇಕಾದ ಫರ್ಮ್‌ವೇರ್ (ಚಿಪ್ ಒಳಗೇ ಓಡುವ ತಂತ್ರಾಂಶ) ಕೂಡ ಇನ್‌ಸ್ಟಾಲರ್ ಜೊತೆಗೇ ಸಿಗುತ್ತದೆ. ಬಿಎಸ್‌ಡಿಗಳಲ್ಲಿ ಕೆಲವು ಚಿಪ್‌ಗಳು ನಡೆಯುವುದೇ ಇಲ್ಲ. ಆಗ ಫೋನಿಗೆ ಕೇಬಲ್ ಹಾಕಿ ನೆಟ್ ತಗೊಂಡು ಒದ್ದಾಡಬೇಕು. ಡೆಸ್ಕ್‌ಟಾಪ್‌ಗೆ, ಅಂದರೆ ತೆರೆ ಮೇಲೆ ಕಾಣುವ ಮೆನು, ಕಿಟಕಿಗಳಿಗೆ, ಹಗುರವಾದ ಎಕ್ಸ್‌ಎಫ್‌ಸಿಇ ಸಾಕು. ನಮ್ಮ ಕಲಬುರಗಿ ಬಿಸಿಲಲ್ಲಿ ಹಳೆ ಮಷೀನ್ ಬೇಗ ಕಾಯುತ್ತದೆ, ಹಗುರವಾದದ್ದೇ ವಾಸಿ ಅಲ್ವಾ?

ಓಪನ್‌ಬಿಎಸ್‌ಡಿ ಭದ್ರತೆಗೆ ಹೆಸರಾದದ್ದು. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ಆ ತಂಡದ್ದೇ. ಸರ್ವರ್ ಕೆಲಸ ಕಲಿಯುವ ಆಸೆ ಇದ್ದರೆ ಮಾತ್ರ ಫ್ರೀಬಿಎಸ್‌ಡಿಯನ್ನು ಬಿಡಬೇಡಿ. ಕರ್ನಲ್ಲು (ಸಿಸ್ಟಮ್‌ನ ತಿರುಳು), ಮೂಲ ಸಲಕರಣೆಗಳು ಎಲ್ಲವನ್ನೂ ಒಂದೇ ತಂಡ ಕಟ್ಟುತ್ತದೆ. ಅದರ ಹ್ಯಾಂಡ್‌ಬುಕ್ ನನಗೆ ತುಂಬಾ ಇಷ್ಟ. ಫ್ರೀಬಿಎಸ್‌ಡಿಯನ್ನು ಡೆಬಿಯನ್ ಒಳಗೇ ವರ್ಚುವಲ್ ಮಷೀನ್‌ನಲ್ಲಿ (ತಂತ್ರಾಂಶದಿಂದ ಮಾಡಿದ ಕಂಪ್ಯೂಟರಿನಲ್ಲಿ) ಓಡಿಸಿ ನೋಡಿ.