ಓದುಗರ ಪ್ರಶ್ನೆ: ಕಡಲನ್ನು ಹಂಚುವುದು ಹೇಗೆ?

ಪ್ರಶ್ನೆ: ಜೂನ್ ಬಂತಂದ್ರ ಹುಬ್ಬಳ್ಳಿ ಮಾರ್ಕೆಟ್‌ನ್ಯಾಗ ಬಂಗಡೆ ರೇಟ್ ಏರತೈತಿ. ಬೋಟ್ ಬಂದ್ ಅಂತಾರ, ಆದ್ರೂ ತಾಜಾ ಮೀನು ಬರ್ತಾವ. ಬಂದ್ ಯಾರಿಗೆ? (ಹುಬ್ಬಳ್ಳಿಯಿಂದ)

ಉತ್ತರ: ಟ್ರಾಲ್ (ಕಡಲತಳದ ಮೇಲೆ ಬಲೆ ಎಳೆಯುವುದು), ಪರ್ಸೀನ್‌ನಂಥ (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವುದು) ಯಾಂತ್ರಿಕ ಬೋಟುಗಳಿಗೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವು ಕಡಲಿಗಿಳಿಯುವಂತಿಲ್ಲ. ನಾಡದೋಣಿಗಳಿಗೆ ವಿನಾಯಿತಿ ಇದೆ. ಅಲೆ ತಗ್ಗಿದ ದಿನ ದಡದ ಹತ್ತಿರ ಬಲೆ ಬೀಸುತ್ತವೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ನಂತರ ಅತ್ತಲಿಂದಲೂ ಮಾಲು ಬರಬಹುದು.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಂದ ಕಾರವಾರ–ಕುಮಟಾ ನಡುವಿನ ಕಡಲ ಬಳಕೆಯ ನಕ್ಷೆ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? (ಶಿಕ್ಷಕಿ, ಧಾರವಾಡ)

ಉತ್ತರ: ಬಣ್ಣದ ಪೆನ್ಸಿಲ್ ಕೊನೆಗಿರಲಿ, ಮೊದಲು ಸ್ಕೇಲ್. 1 ಸೆಂ.ಮೀ.ಗೆ 2 ಕಿ.ಮೀ. ಹಿಡಿಯಿರಿ. ನಾಟಿಕಲ್ ಮೈಲು ಅಂದರೆ 1.852 ಕಿ.ಮೀ. ಪ್ರಾದೇಶಿಕ ಜಲದ ಗಡಿ 12 ಮೈಲು, ಸುಮಾರು 22 ಕಿ.ಮೀ.; ಹಾಳೆಯ ಮೇಲೆ 11 ಸೆಂ.ಮೀ. ಅದರೊಳಗಿನ ಮೀನುಗಾರಿಕೆ ರಾಜ್ಯದ್ದು, ಆಚೆ 200 ಮೈಲಿನವರೆಗೆ ಕೇಂದ್ರದ್ದು. ತಳದ ನಕ್ಷೆಗೆ 10 ಮತ್ತು 20 ಮೀಟರ್ ಆಳದ ಗೆರೆಗಳನ್ನೂ ಕಾಳಿ, ಗಂಗಾವಳಿ, ಅಘನಾಶಿನಿ ಅಳಿವೆಗಳನ್ನೂ ಹಾಕಿ. (ಗಂಗಾವಳಿಗೆ ನಿಮ್ಮೂರ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರೂ ಸೇರುತ್ತದೆ, ಮಕ್ಕಳಿಗೆ ಹೇಳಿ.) ಇಲ್ಲಿ ಒಂದು ತಪ್ಪು ಆಗೇ ಆಗುತ್ತದೆ: ನಾವಿಕ ಚಾರ್ಟಿನ ಆಳವನ್ನು ಅತಿ ಕಡಿಮೆ ಇಳಿತದ ಮಟ್ಟದಿಂದ ಅಳೆದಿರುತ್ತಾರೆ, ಸಿಆರ್‌ಝಡ್‌ನ (ಕರಾವಳಿ ನಿಯಂತ್ರಣ ವಲಯದ) 500 ಮೀಟರನ್ನು ಉಬ್ಬರದ ಗೆರೆಯಿಂದ ನೆಲದ ಕಡೆಗೆ. ಎರಡಕ್ಕೂ ಒಂದೇ ದಡದ ಗೆರೆ ಬಳಸಬೇಡಿ.

ತಳದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆಗಳು, ಬಳಕೆಗೊಂದು: ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ), ಟ್ರಾಲ್, ಹಡಗಿನ ದಾರಿ ಮತ್ತು ಲಂಗರು ಜಾಗ, ನೌಕಾನೆಲೆ, ಪಂಜರ ಮೀನು ಸಾಕಣೆ. ಪ್ರತಿಯೊಂದನ್ನೂ ಎರಡು ಸಲ ಬರೆಸಿ, ಮಳೆಗಾಲಕ್ಕೊಂದು, ಉಳಿದ ತಿಂಗಳಿಗೊಂದು. ಡಿಸೆಂಬರಿನಲ್ಲಿ ಅಳಿವೆ ಬಾಯಿಯ ಪಂಜರಕ್ಕೆ ತೊಂದರೆಯಿಲ್ಲ. ಜುಲೈನಲ್ಲಿ ಹೊಳೆಯ ಸಿಹಿನೀರು ನುಗ್ಗಿ ಉಪ್ಪಿನಂಶ ಇಳಿದರೆ ಅದೇ ಮೀನು ಸಾಯಬಹುದು. ಇನ್ನು ಪಂಜರದ ವ್ಯಾಸ 6 ಮೀಟರಾದರೂ ಲಂಗರಿನ ಹಗ್ಗ ಅದಕ್ಕಿಂತ ಬಹಳ ದೂರ ಹರಡಿರುತ್ತದೆ. ಬೋಟಿನ ಫ್ಯಾನಿಗೆ ಸುತ್ತಿಕೊಳ್ಳುವುದು ಆ ಹಗ್ಗವೇ. ನಕ್ಷೆಯಲ್ಲಿ ಹಗ್ಗದ ತುದಿವರೆಗೂ ಗುರುತಿಸಿ.

ಆಮೇಲೆ 5x5 ಮನೆಗಳ ಕೋಷ್ಟಕ; ಅಡ್ಡಕ್ಕೂ ಉದ್ದಕ್ಕೂ ಅವೇ ಐದು ಬಳಕೆಗಳು. ಎರಡು ಬಳಕೆ ಕೂಡಿ ನಡೆದರೆ 0, ಕಾಲ ಬದಲಿಸಿದರೆ ನಡೆಯುವಂತಿದ್ದರೆ 1, ಆಗದೇ ಇದ್ದರೆ 2. 2 ಬಿದ್ದ ಕಡೆ ಮಕ್ಕಳು ‘ಯಾರಿಗೆ ಹೆಚ್ಚು ಆದಾಯ’ ಎಂದು ತೀರ್ಪು ಕೊಡಲು ಹೊರಡುತ್ತಾರೆ. ‘ಯಾರು ಬೇರೆಡೆ ಹೋಗಲಾರರು’ ಎಂದು ಕೇಳಿಸಿ. ಟ್ರಾಲ್ ಬೋಟು ಆಳಕ್ಕೆ ಹೋದೀತು, ಮರಳ ಮೇಲೆ ನಿಂತು ಎಳೆಯುವ ರಂಪಣಿಗೆ ಆ ದಡವೇ ಬೇಕು. ಸ್ಥಳ ಬಿಡಲಾಗದವರಿಗೆ ಮೊದಲ ಜಾಗ ಎನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಅಂದ್ರ ಜಮೀನಿನ ತಕರಾರು. ಸಮುದ್ರದಾಗ ನಿಲ್ಲಿಸಿದ್ರ ಯಾರ ತಕರಾರೂ ಇರೂದಿಲ್ಲಲ್ಲ? (ಗದಗದಿಂದ)

ಉತ್ತರ: ಇರುತ್ತದೆ. ಕಡಲ ಗಾಳಿ ವಿದ್ಯುತ್ತಿಗೆ 2015ರ ರಾಷ್ಟ್ರೀಯ ನೀತಿ ಇದೆ. ಸದ್ಯ ಗಮನ ಗುಜರಾತ್, ತಮಿಳುನಾಡಿನ ಮೇಲೆ. ತಳಕ್ಕೆ ನೆಡುವ ಕಂಬಗಳನ್ನು ಸಾಮಾನ್ಯವಾಗಿ 50–60 ಮೀಟರ್ ಆಳದೊಳಗೇ ನಿಲ್ಲಿಸುತ್ತಾರೆ, ಟ್ರಾಲ್ ಬೋಟುಗಳು ಓಡಾಡುವುದೂ ಅಲ್ಲೇ. ಕಡಲ ಕಾನೂನು ಪ್ರತಿ ಕಂಬದ ಸುತ್ತ 500 ಮೀಟರಿನವರೆಗೆ ಸುರಕ್ಷಾ ವಲಯಕ್ಕೆ ಅವಕಾಶ ಕೊಡುತ್ತದೆ. ಕಂಬಗಳ ನಡುವೆ 1 ಕಿ.ಮೀ. ಅಂತರವಿದ್ದು ಪೂರ್ತಿ 500 ಮೀಟರ್ ಜಾರಿ ಮಾಡಿದರೆ ವಲಯಗಳು ಒಂದಕ್ಕೊಂದು ತಾಗುತ್ತವೆ, ನಡುವೆ ದಾರಿಯೇ ಉಳಿಯದು. ಕರೆಂಟನ್ನು ದಡಕ್ಕೆ ತರುವ ಹೂತ ಕೇಬಲ್ಲಿನ ಮೇಲಿನ ಮಣ್ಣು ಸರಿದರೆ ಟ್ರಾಲ್ ಬಲೆಯ ಬಾಯಿ ಅಗಲಿಸುವ ಹಲಗೆ ಅದಕ್ಕೆ ಸಿಕ್ಕಿಕೊಳ್ಳಬಹುದು.

ಜಮೀನಿಗಾದರೆ ಉತಾರ ತೋರಿಸಿ ಪರಿಹಾರ ಕೇಳಬಹುದು, ಮೀನುಗಾರನ ಕೈಯಲ್ಲಿ ಅಂಥ ಕಾಗದವಿಲ್ಲ. ಆದ್ದರಿಂದ ಯಾವ ಬೋಟು, ಯಾವ ತಿಂಗಳು, ಎಷ್ಟು ಆಳದಲ್ಲಿ, ಎಷ್ಟು ಮೀನು ಎಂಬುದನ್ನು ಯೋಜನೆ ಬರುವ ಮೊದಲೇ ಬಂದರಿನಲ್ಲಿ ಬರೆದಿಡಬೇಕು. ಒಂದು ವರ್ಷದ ಲೆಕ್ಕ ಸಾಲದು; ತಾರ್ಲೆ (ಬೂತಾಯಿ) ಮೀನು ಒಂದು ವರ್ಷ ರಾಶಿ ಬಿದ್ದರೆ ಮರುವರ್ಷ ಕೈಗೆ ಸಿಗದಿರಬಹುದು.